ಹೊಸ್ತಿಲಲ್ಲೇ ನಿಂತ ಸಿಮೋನ್ ವೇಲ್

ಜರ್ಮನಿಯ ಸೇನೆ ಪ್ಯಾರಿಸ್ ನಗರವನ್ನು ಪ್ರವೇಶಿಸಿದ್ದು 1940ರ ಜೂನ್ 14ರಂದು. ಅದರ ಹಿಂದಿನ ದಿನ ವೈದ್ಯರಾದ ಬರ್ನಾರ್ ವೇಲ್ ಅವರು ಪತ್ನಿ ಹಾಗೂ ಮಗಳೊಡನೆ ಮನೆ ತೊರೆದು ದಕ್ಷಿಣಾಭಿಮುಖವಾಗಿ ಹೊರಟರು. ದಾರಿಯಲ್ಲಿ ಅಲ್ಲಲ್ಲಿ ತಂಗಿ, ಸೆಪ್ಟೆಂಬರ್ ತಿಂಗಳಲ್ಲಿ ಈ ಯೆಹೂದ್ಯ ಕುಟುಂಬ ಮಾರ್ಸೇಲ್ಸ್ ಬಂದರನ್ನು ಸೇರಿತು. ಆಗಿನ್ನೂ ಆ ನಗರ ಜರ್ಮನರ ನೇರ ಹತೋಟಿಗೆ ಸಿಕ್ಕಿರಲಿಲ್ಲ. ಮಾರ್ಷಲ್ ಪೆಟೈನರ ವಿಶಿ ಸರಕಾರದ ಅಧೀನದಲ್ಲಿತ್ತು. ವೀಸಾಕ್ಕಾಗಿ, ಹಡಗಿನ ಟಿಕೇಟಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ನಿರಾಶ್ರಿತರಿಂದ ಅದು ತುಂಬಿಹೋಗಿತ್ತು. ವೈದ್ಯರ ಮಗಳು ಸಿಮೋನ್‌ಗೆ ಆಗ 31 ವರ್ಷ. ದಪ್ಪ ಗಾಜಿನ ಕನ್ನಡಕ, ಮೈಗೆ ಹೊಂದದ ಉಡುಪು, ಬೆರಳ ನಡುವೆ ಸಿಗರೇಟು, ವರ್ಷಗಳಿಂದ ಬಿಡದೆ ಕಾಡುವ ತಲೆನೋವು. ಮಾತಿಗಿಳಿದರೆ ವಾದ ಮುಗಿಯುತ್ತಿರಲಿಲ್ಲ. ಆಕೆಯೊಡನೆ ಸ್ನೇಹ ಬೆಳೆಸುವುದು ಸುಲಭದ ಸಂಗತಿಯಾಗಿರಲಿಲ್ಲ.

ಸಿಮೋನ್ ಹುಟ್ಟಿದ್ದು 1909ರ ಫೆಬ್ರವರಿ 3ರಂದು, ಪ್ಯಾರಿಸ್‌ನಲ್ಲಿ. ಮನೆಯಲ್ಲಿ ಯೆಹೂದ್ಯ ಧರ್ಮಾಚರಣೆ ಇರಲಿಲ್ಲ. ಅಣ್ಣ ಆಂದ್ರೆ ಗಣಿತದಲ್ಲಿ ಅಸಾಧಾರಣ ಪ್ರತಿಭಾವಂತ. 1930ರಿಂದ 1932ರವರೆಗೆ ನಮ್ಮ ಅಲೀಗಢದ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಅವರೆದುರು ತಾನು ಏನೂ ಅಲ್ಲ ಎಂಬ ಕೊರಗು 14ನೆಯ ವಯಸ್ಸಿನಲ್ಲಿ ತಂಗಿಯನ್ನು ಸಾವಿನ ಯೋಚನೆಯವರೆಗೂ ಒಯ್ದಿತ್ತು. ಮುಂದೆ ಆಕೆ ತತ್ತ್ವಶಾಸ್ತ್ರದ ಅಧ್ಯಾಪಕಿಯಾದಳು. 1934-35ರಲ್ಲಿ ರಜೆ ಪಡೆದು ಕಾರ್ಖಾನೆಗಳಲ್ಲಿ ಕೂಲಿಯಾಳಾಗಿ ದುಡಿದಳು. 1936ರಲ್ಲಿ ಸ್ಪೇನಿನ ಅಂತರ್ಯುದ್ಧಕ್ಕೆ ಹೋಗಿ, ಕುದಿಯುವ ಎಣ್ಣೆಯಲ್ಲಿ ಕಾಲಿಟ್ಟು ಸುಟ್ಟುಕೊಂಡು ಮರಳಿದಳು. 1937ರಲ್ಲಿ ಅಸ್ಸಿಸಿಯ ಪುಟ್ಟ ಗುಡಿಯೊಂದರಲ್ಲಿ ಜೀವನದಲ್ಲೇ ಮೊದಲ ಬಾರಿಗೆ ಮೊಣಕಾಲೂರಿದಳು. ಮರುವರ್ಷ ಸೊಲೆಮ್‌ನ ಬೆನೆಡಿಕ್ಟೀನ್ ಮಠದಲ್ಲಿ ಪವಿತ್ರ ವಾರದ ಪ್ರಾರ್ಥನಾಗೀತೆಗಳನ್ನು ಆಲಿಸುತ್ತ, ಸಿಡಿಯುವ ತಲೆನೋವಿನ ನಡುವೆಯೇ ಕ್ರಿಸ್ತನ ಯಾತನೆಯ ಅರಿವು ಆಕೆಯೊಳಗೆ ಇಳಿಯಿತು. ಇದನ್ನು ಆಕೆ ಬಹುಕಾಲ ಮನಸ್ಸಿನಲ್ಲೇ ಇರಿಸಿಕೊಂಡಿದ್ದಳು.

ಮಾರ್ಸೇಲ್ಸ್ ಸೇರಿದ ಕೆಲವೇ ವಾರಗಳಲ್ಲಿ, 1940ರ ಅಕ್ಟೋಬರ್ 3ರಂದು, ವಿಶಿ ಸರಕಾರ ಯೆಹೂದ್ಯರ ಕುರಿತಾದ ಕಾಯಿದೆಯನ್ನು ಹೊರಡಿಸಿತು. ಸರಕಾರಿ ಹುದ್ದೆಗಳು, ಅಧ್ಯಾಪನ, ಪತ್ರಿಕೋದ್ಯಮ ಅವರಿಗೆ ನಿಷಿದ್ಧವಾದವು. ಕೆಲಸಕ್ಕೆ ಅರ್ಜಿ ಸಲ್ಲಿಸಿದ್ದ ಸಿಮೋನ್‌ಗೆ ಉತ್ತರ ಬರಲಿಲ್ಲ. ಆಕೆ ಶಿಕ್ಷಣ ಸಚಿವರಿಗೆ ಪತ್ರ ಬರೆದು, ಯೆಹೂದ್ಯ ಎಂಬ ಪದಕ್ಕೆ ಅರ್ಥವೇನೆಂದು ತನಗೆ ತಿಳಿಯದು, ತಾನು ಎಂದೂ ಸಿನಗಾಗ್‌ನೊಳಗೆ ಹೋದವಳಲ್ಲ ಎಂದು ವಾದಿಸಿದಳು. ಅದಕ್ಕೂ ಉತ್ತರ ಬರಲಿಲ್ಲ. ಆ ಪತ್ರವನ್ನು ಇಂದು ಓದುವಾಗ ಕಸಿವಿಸಿಯಾಗುತ್ತದೆ. ಕಾಯಿದೆಯನ್ನು ಅದು ಅಣಕಿಸುತ್ತದೆ, ನಿಜ. ಆದರೆ ತುಳಿತಕ್ಕೊಳಗಾದ ತನ್ನ ಜನರ ಪರವಾಗಿ ಒಂದು ಮಾತನ್ನೂ ಆಡುವುದಿಲ್ಲ. ಹಳೆಯ ಒಡಂಬಡಿಕೆಯ ಬಗ್ಗೆಯೂ ಆಕೆ ನಿಷ್ಠುರವಾಗಿ, ಹಲವೊಮ್ಮೆ ಅನ್ಯಾಯವಾಗಿ ಬರೆದಿದ್ದಾಳೆ. ಪೂರ್ವಗ್ರಹ ಊರಿನಲ್ಲಿ ಮಾತ್ರ ಇರಲಿಲ್ಲ. ಇದನ್ನು ಮರೆಮಾಚಿ ಆಕೆಯ ಜೀವನವನ್ನು ಹೇಳಹೊರಡುವುದು ಸರಿಯಲ್ಲ.

ಆದರೆ ಅನ್ಯರ ಕಷ್ಟ ಕಣ್ಣಿಗೆ ಬಿದ್ದಾಗ ಆಕೆ ಸುಮ್ಮನಿದ್ದವಳಲ್ಲ. ಇಂಡೋಚೀನಾದಿಂದ ಯುದ್ಧಕಾಲದ ದುಡಿಮೆಗೆಂದು ಕರೆತಂದಿದ್ದ ಅನ್ನಾಮೀ ಕಾರ್ಮಿಕರನ್ನು ನಗರದ ಅಂಚಿನ ಮಾಜಾರ್ಗ್ ಶಿಬಿರದಲ್ಲಿ ಹೀನ ಸ್ಥಿತಿಯಲ್ಲಿ ಇಡಲಾಗಿತ್ತು. ಸಿಮೋನ್ ಅವರ ಪರವಾಗಿ ಅಧಿಕಾರಿಗಳನ್ನು ಬಿಡದೆ ಕಾಡಿದಳು. ತನ್ನ ಪಾಲಿನ ಪಡಿತರವನ್ನು ಅವರೊಡನೆ ಹಂಚಿಕೊಂಡಳು. ವೆರ್ನೆ ಬಂಧನ ಶಿಬಿರದಲ್ಲಿದ್ದ, ತನ್ನವರೆಂಬವರು ಯಾರೂ ಇಲ್ಲದ ಸ್ಪೇನಿನ ಒಬ್ಬ ರೈತನಿಗೆ ಪತ್ರಗಳನ್ನೂ ಪೊಟ್ಟಣಗಳನ್ನೂ ಕಳುಹಿಸುತ್ತಿದ್ದಳು. ಆತನ ಮುಖವನ್ನು ಆಕೆ ಎಂದೂ ಕಂಡವಳಲ್ಲ.

1941ರ ಜೂನ್ ತಿಂಗಳಲ್ಲಿ ಆಕೆ ಡೊಮಿನಿಕನ್ ಸಭೆಯ ಯಾಜಕ ಫಾದರ್ ಜೋಸೆಫ್ ಮರೀ ಪೆರಾಂ ಅವರನ್ನು ಭೇಟಿಯಾದಳು. ಬಾಲ್ಯದಿಂದಲೇ ದೃಷ್ಟಿಮಾಂದ್ಯದಿಂದ ಬಳಲುತ್ತಿದ್ದ ಅವರಿಗೆ ಆಗ ಕಣ್ಣು ಬಹುಮಟ್ಟಿಗೆ ಕಾಣುತ್ತಿರಲಿಲ್ಲ. ನಿರಾಶ್ರಿತರಿಗೂ ಯೆಹೂದ್ಯರಿಗೂ ಅವರ ಬಾಗಿಲು ತೆರೆದಿತ್ತು. ತನಗೊಂದು ಹೊಲದ ಕೆಲಸ ಕೊಡಿಸಬೇಕೆಂಬುದು ಆಕೆಯ ಬೇಡಿಕೆ. ಅಧ್ಯಾಪನ ನಿಷಿದ್ಧವಾಗಿತ್ತು, ರೈತರ ದುಡಿಮೆಯನ್ನು ಮೈಯಿಂದಲೇ ಅರಿಯಬೇಕೆಂಬ ಹಂಬಲವೂ ಇತ್ತು. ಫಾದರ್ ತಮ್ಮ ಮಿತ್ರ ಗುಸ್ತಾವ್ ತಿಬೋ ಅವರಿಗೆ ಬರೆದರು.

ತಿಬೋ ರೋನ್ ನದಿಯ ದಡದ ಸೇಂಟ್ ಮಾರ್ಸೆಲ್ ಎಂಬ ಹಳ್ಳಿಯ ದ್ರಾಕ್ಷಿ ಬೆಳೆಗಾರ, ಸ್ವಂತ ಓದಿನಿಂದ ಚಿಂತಕರಾಗಿ ಬೆಳೆದವರು, ನಿಷ್ಠಾವಂತ ಕಥೋಲಿಕರು. ರಾಜಕೀಯವಾಗಿ ಅವರ ಒಲವು ಪೆಟೈನರ ಕಡೆಗಿತ್ತು. ಎಡಪಂಥೀಯ ಒಲವಿನ, ತತ್ತ್ವಶಾಸ್ತ್ರ ಓದಿದ ಯೆಹೂದ್ಯ ಯುವತಿಯನ್ನು ಮನೆಗೆ ಸೇರಿಸಿಕೊಳ್ಳಲು ಅವರ ಮನಸ್ಸು ಮೊದಲು ಒಪ್ಪಲಿಲ್ಲ. ಅದನ್ನು ಮುಂದೆ ಅವರೇ ಬರೆದಿಟ್ಟಿದ್ದಾರೆ. ಕಡೆಗೆ ಮಿತ್ರನ ಮಾತು, ಯೆಹೂದ್ಯರು ಆಗ ಅನುಭವಿಸತೊಡಗಿದ್ದ ಹಿಂಸೆಯ ಬಗೆಗಿನ ಮರುಕ, ಒಂದಿಷ್ಟು ಕುತೂಹಲ, ಇವೆಲ್ಲ ಸೇರಿ ಅವರ ನಿರ್ಧಾರವನ್ನು ಬದಲಿಸಿದವು. ಆಗಸ್ಟ್ ತಿಂಗಳಲ್ಲಿ ಸಿಮೋನ್ ಬಂದಳು. ಮೊದಲ ದಿನಗಳು ಇಬ್ಬರಿಗೂ ಕಷ್ಟವೆನಿಸಿದವು. ಏರಿಳಿತವಿಲ್ಲದ ಒಂದೇ ದನಿಯಲ್ಲಿ ಆಕೆ ವಾದಿಸುತ್ತಿದ್ದರೆ ಮನೆಯೊಡೆಯ ಸೋತು ಸುಣ್ಣವಾಗುತ್ತಿದ್ದರು. ಮನೆಯಲ್ಲಿ ಕೊಟ್ಟ ಕೋಣೆ ತೀರ ಸುಖಕರವಾಗಿದೆ, ತಾನು ಬಯಲಲ್ಲೇ ಮಲಗುತ್ತೇನೆ ಎಂದು ಆಕೆ ಹಟ ಹಿಡಿದಳು. ಕೊನೆಗೆ ನದಿಯ ಬಳಿಯ ಅರೆಪಾಳು ಮನೆಯೊಂದರಲ್ಲಿ ಬಿಡಾರ ಹೂಡುವುದೆಂದು ಒಪ್ಪಂದವಾಯಿತು. ಸಂಜೆ ಆಕೆ ತಿಬೋ ಅವರಿಗೆ ಗ್ರೀಕ್ ಕಲಿಸುವಳು, ಪ್ಲೇಟೋನನ್ನು ಓದಿಸುವಳು. ಕಲಿಸುವಾಗ ಆಕೆಯ ಹಟಮಾರಿತನವೆಲ್ಲ ಕರಗಿ, ತಾಳ್ಮೆಯ ಗುರುವೊಬ್ಬಳು ಕಾಣುತ್ತಿದ್ದಳಂತೆ. ಅತಿಥಿಯನ್ನು ಹೇಗೆ ಸಹಿಸುವುದೆಂದು ಅಳುಕಿದ್ದವರು ಕೆಲವೇ ವಾರಗಳಲ್ಲಿ ಆಕೆಯ ಆಪ್ತಮಿತ್ರರಾದರು.

ಪ್ರಭು ಕಲಿಸಿದ ಪ್ರಾರ್ಥನೆಯನ್ನು ಗ್ರೀಕ್ ಮೂಲದಲ್ಲೇ ಬಾಯಿಪಾಠ ಮಾಡಬೇಕೆಂದು ಇಬ್ಬರೂ ನಿಶ್ಚಯಿಸಿಕೊಂಡಿದ್ದರು. ಶರತ್ಕಾಲದಲ್ಲಿ ನೆರೆಯ ಹಳ್ಳಿಯ ತೋಟದಲ್ಲಿ ದ್ರಾಕ್ಷಿ ಕೊಯ್ಲಿಗೆ ಸೇರಿದ ಸಿಮೋನ್ ಪ್ರತಿದಿನ ಕೆಲಸಕ್ಕೆ ಮೊದಲು ಅದನ್ನು ಪಠಿಸುತ್ತಿದ್ದಳು. ನಡುವೆ ಚಿತ್ತ ಒಂದಿಷ್ಟು ಚದುರಿದರೂ ಮೊದಲಿನಿಂದ ಆರಂಭಿಸುತ್ತಿದ್ದಳು. ನಿಲ್ಲಲು ಶಕ್ತಿ ಸಾಲದಾದಾಗ ನೆಲದ ಮೇಲೆ ಮಲಗಿಕೊಂಡೇ ಗೊಂಚಲುಗಳನ್ನು ಕೊಯ್ದಳಂತೆ. ಅಕ್ಟೋಬರ್‌ನಲ್ಲಿ ಯೆಹೂದ್ಯ ವ್ಯವಹಾರಗಳ ಆಯುಕ್ತ ಕ್ಸಾವಿಯೇ ವಲಾ ಎಂಬವರಿಗೆ ಪತ್ರ ಬರೆದು, ತನ್ನನ್ನು ಪಂಡಿತವರ್ಗದಿಂದ ಕಿತ್ತು ಭೂಮಿಯನ್ನು ದಯಪಾಲಿಸಿದ್ದಕ್ಕಾಗಿ ವ್ಯಂಗ್ಯವಾಗಿ ವಂದನೆ ಸಲ್ಲಿಸಿದಳು. ಆ ಚಳಿಗಾಲದಲ್ಲಿ ಮಾರ್ಸೇಲ್ಸ್‌ಗೆ ಮರಳಿ, ಕವಿಮಿತ್ರ ರೆನೆ ದೊಮಾಲ್ ತೋರಿದ ದಾರಿಯಲ್ಲಿ ಸಂಸ್ಕೃತ ಕಲಿತು, ಭಗವದ್ಗೀತೆಯನ್ನು ಮೂಲದಲ್ಲೇ ಓದತೊಡಗಿದಳು.

ಫಾದರ್ ಪೆರಾಂ ಅವರಿಗೆ ಆಕೆ ದೀಕ್ಷಾಸ್ನಾನ ಪಡೆಯಬೇಕೆಂಬ ಆಸೆಯಿತ್ತು. ಸಿಮೋನ್ ಬಲಿಪೂಜೆಗೆ ಹೋಗುತ್ತಿದ್ದಳು, ಪರಮಪ್ರಸಾದದ ಎದುರು ಗಂಟೆಗಟ್ಟಲೆ ಕುಳಿತಿರುತ್ತಿದ್ದಳು. ಆದರೆ ಒಳಗೆ ಬರಲು ಒಪ್ಪಲಿಲ್ಲ. ಧರ್ಮಸಭೆಯ ಹೊರಗುಳಿದ ಅಸಂಖ್ಯ ಜನರನ್ನು ಬಿಟ್ಟು ತಾನೊಬ್ಬಳೇ ಒಳಹೋಗಲಾರೆ ಎಂಬುದು ಆಕೆಯ ಕಾರಣಗಳಲ್ಲೊಂದು. ಅದೇ ಕಾಲದಲ್ಲಿ ಯೆಹೂದ್ಯ ಮೂಲದ ಇನ್ನೊಬ್ಬ ತತ್ತ್ವಜ್ಞಾನಿ ಎಡಿತ್ ಸ್ಟೈನ್ ಕಾರ್ಮೆಲ್ ಮಠದ ಸನ್ಯಾಸಿನಿಯಾಗಿದ್ದುದು ಓದುಗರಿಗೆ ನೆನಪಾಗಬಹುದು. ಸಿಮೋನ್‌ಳ ಹಾದಿ ಬೇರೆಯಾಯಿತು. 1942ರ ಮಾರ್ಚ್‌ನಲ್ಲಿ ಫಾದರ್ ಮಾಂಪೆಲಿಯೇಗೆ ವರ್ಗವಾದ ಮೇಲೆ ಆಕೆ ಅವರಿಗೆ ದೀರ್ಘ ಪತ್ರಗಳನ್ನು ಬರೆದು ತನ್ನ ಆತ್ಮದ ಕಥೆಯನ್ನೆಲ್ಲ ತೆರೆದಿಟ್ಟಳು. ತನ್ನದಲ್ಲದ ನಂಬಿಕೆಗಳನ್ನು ಅವರೊಮ್ಮೆ ಸುಳ್ಳೆಂದು ಕರೆದದ್ದು ತನಗೆ ನೋವು ತಂದಿತೆಂದು ತಿಳಿಸಲೂ ಹಿಂಜರಿಯಲಿಲ್ಲ. ಗುರುಗಳು ಆ ಪತ್ರಗಳನ್ನು ಜೋಪಾನವಾಗಿರಿಸಿ 1950ರಲ್ಲಿ ಪ್ರಕಟಿಸಿದರು.

ಊರು ಬಿಡುವ ಮುನ್ನ ಆಕೆ ತನ್ನ ಟಿಪ್ಪಣಿ ಪುಸ್ತಕಗಳ ಕಟ್ಟನ್ನು ತಿಬೋ ಅವರ ಕೈಗಿತ್ತಳು. 1947ರಲ್ಲಿ ಅವುಗಳ ಆಯ್ದ ಭಾಗ ಹೊರಬಂದಾಗಲೇ ಲೋಕಕ್ಕೆ ಆಕೆಯ ನಿಜವಾದ ಪರಿಚಯವಾದದ್ದು.

1942ರ ಮೇ 14ರಂದು ತಂದೆತಾಯಿಯೊಡನೆ ಹಡಗು ಹತ್ತಿದ ಸಿಮೋನ್, ನ್ಯೂಯಾರ್ಕ್ ಮೂಲಕ ವರ್ಷಾಂತ್ಯದಲ್ಲಿ ಒಬ್ಬಳೇ ಲಂಡನ್ ತಲುಪಿ ಸ್ವತಂತ್ರ ಫ್ರಾನ್ಸ್ ಸಂಘಟನೆಯಲ್ಲಿ ದುಡಿದಳು. ಕ್ಷಯರೋಗ ತಗಲಿತು. ಫ್ರಾನ್ಸಿನಲ್ಲಿರುವವರಿಗೆ ಸಿಗುವ ಪಡಿತರಕ್ಕಿಂತ ಹೆಚ್ಚು ಉಣ್ಣಲು ಒಪ್ಪಲಿಲ್ಲ. 1943ರ ಆಗಸ್ಟ್ 24ರಂದು ಆಶ್‌ಫರ್ಡ್‌ನ ಆರೋಗ್ಯಧಾಮದಲ್ಲಿ, 34ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಲ್ಲಿನ ಸ್ಮಶಾನದ ಕಥೋಲಿಕರ ಭಾಗದಲ್ಲಿ ಸಮಾಧಿಗೆ ಸ್ಥಳ ದೊರಕಿತು. ಅಂತ್ಯಕ್ರಿಯೆಗೆ ಸೇರಿದ್ದವರು ಬೆರಳೆಣಿಕೆಯಷ್ಟು ಜನ. ಬರಬೇಕಾಗಿದ್ದ ಯಾಜಕರಿಗೆ ರೈಲು ತಪ್ಪಿತು. ಮಿತ್ರ ಮೋರಿಸ್ ಶೂಮನ್ ಅವರು ತಮ್ಮೊಡನೆ ತಂದಿದ್ದ ಪೂಜಾಪುಸ್ತಕವನ್ನು ತೆರೆದು ಪ್ರಾರ್ಥನೆಗಳನ್ನು ಓದಿದರು.