ಹೊಸದುರ್ಗದ ವಿಠ್ಠಲರಾಯರು ರಾಮದಾಸರಾದ ಕಥೆ

ರಜೆಯಲ್ಲಿ ಊರಿಗೆ ಹೋದಾಗ ಮಂಗಳೂರಿನಿಂದ ದಕ್ಷಿಣದ ಕಡೆಗೆ ರೈಲಿನಲ್ಲಿ ಪ್ರಯಾಣ ಮಾಡಿದವರು ಕಾಸರಗೋಡು ದಾಟಿದ ಮೇಲೆ ಕಾಞಂಗಾಡು ಎಂಬ ನಿಲ್ದಾಣವನ್ನು ನೋಡಿರಬಹುದು. ಮಂಗಳೂರಿನಿಂದ ಸುಮಾರು 70 ಕಿ.ಮೀ. ದೂರ. ಅದಕ್ಕೆ ಸೇರಿದಂತೆಯೇ ಇರುವ ಊರು ಹೊಸದುರ್ಗ. ಕೆಳದಿಯ ನಾಯಕರು ಅಲ್ಲಿ ಕಟ್ಟಿಸಿದ ಹೊಸ ಕೋಟೆಯಿಂದ ಊರಿಗೆ ಆ ಹೆಸರು ಬಂದಿದೆ. ಈಗ ಅದು ಕೇರಳಕ್ಕೆ ಸೇರಿದ್ದರೂ 1956ರವರೆಗೆ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ನಾನು ಇಲ್ಲಿ ಹೇಳಹೊರಟಿರುವ ಮಹನೀಯರು ಹುಟ್ಟಿದ್ದು ಆ ಊರಿನಲ್ಲಿ, 1884ರ ಏಪ್ರಿಲ್ 10ರಂದು. ತಂದೆ ಬಾಲಕೃಷ್ಣರಾಯರು, ತಾಯಿ ಲಲಿತಾಬಾಯಿ. ಮಗುವಿಗೆ ಇಟ್ಟ ಹೆಸರು ವಿಠ್ಠಲ. ದೊಡ್ಡ ಕುಟುಂಬ, ಮನೆಮಾತು ಕೊಂಕಣಿ.

ಮಕ್ಕಳೇ, ಮಹಾಪುರುಷರೆಲ್ಲ ತರಗತಿಯಲ್ಲಿ ಮೊದಲಿಗರಾಗಿದ್ದರು ಎಂದು ಭಾವಿಸಬೇಡಿ. ವಿಠ್ಠಲನಿಗೆ ಶಾಲೆಯ ಪಾಠವೆಂದರೆ ಅಷ್ಟಕ್ಕಷ್ಟೆ. ಇಂಗ್ಲಿಷ್ ಪುಸ್ತಕಗಳನ್ನು ಓದುವುದು ಮತ್ತು ಚಿತ್ರ ಬಿಡಿಸುವುದು, ಇವೆರಡರಲ್ಲಿ ಮಾತ್ರ ಆಸಕ್ತಿ. ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಮದರಾಸಿನ ಕಲಾಶಾಲೆಯಲ್ಲಿ ಕೆಲವು ಕಾಲ ಕಲಿತು, ಅಲ್ಲಿಂದ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಗೆ ಹೋಗಿ ಜವಳಿ ತಯಾರಿಕೆಯ ವಿದ್ಯೆ ಪಡೆದರು. 1908ರಲ್ಲಿ ರುಕ್ಮಾಬಾಯಿಯವರೊಡನೆ ಮದುವೆಯಾಯಿತು. 1913ರಲ್ಲಿ ಮಗಳು ರಮಾಬಾಯಿ ಹುಟ್ಟಿದಳು. ಆದರೆ ಉದ್ಯೋಗ ಎಲ್ಲಿಯೂ ನೆಲೆ ನಿಲ್ಲಲಿಲ್ಲ. ಒಂದು ಗಿರಣಿಯಿಂದ ಇನ್ನೊಂದು ಗಿರಣಿಗೆ, ನಡುನಡುವೆ ಕೆಲಸವಿಲ್ಲದ ದಿನಗಳು. ಕೊನೆಗೆ ಮಂಗಳೂರಿಗೆ ಬಂದು ಸೀರೆಗಳಿಗೆ ಬಣ್ಣ ಹಾಕಿ ಅಚ್ಚು ಹಾಕುವ ಸ್ವಂತ ವ್ಯಾಪಾರ ಆರಂಭಿಸಿದರು. ಅದೂ ಕೈಹತ್ತಲಿಲ್ಲ. ಸಾಲ ಬೆಳೆಯಿತು, ಮನೆಯಲ್ಲಿ ನೆಮ್ಮದಿ ಹೋಯಿತು.

ಈ ಕಷ್ಟದ ದಿನಗಳಲ್ಲಿಯೇ ಅವರು ರಾಮನಾಮವನ್ನು ಹಿಡಿದದ್ದು. ಮೊದಲಿಗೆ ಅದು ಚಿಂತೆಯಿಂದ ಸ್ವಲ್ಪ ಹೊತ್ತು ಬಿಡುಗಡೆ ಪಡೆಯುವ ಉಪಾಯವಾಗಿತ್ತು, ಅಷ್ಟೆ. ಹೆಸರು ಹೇಳುವಷ್ಟು ಹೊತ್ತು ಮನಸ್ಸು ಹಗುರವಾಗುತ್ತಿತ್ತು. ನಿಲ್ಲಿಸಿದೊಡನೆ ಸಾಲಗಾರರ ನೆನಪು ಬರುತ್ತಿತ್ತು. ಹಾಗಾಗಿ ನಿಲ್ಲಿಸುವುದನ್ನೇ ಕಡಿಮೆ ಮಾಡುತ್ತಾ ಬಂದರು. ಇದನ್ನು ಗಮನಿಸಿದ ತಂದೆ ಬಾಲಕೃಷ್ಣರಾಯರು ಮಗನನ್ನು ಹತ್ತಿರ ಕರೆದು ಹದಿಮೂರು ಅಕ್ಷರಗಳ ರಾಮಮಂತ್ರವನ್ನು ಉಪದೇಶಿಸಿ, ಇದನ್ನು ಸದಾ ಜಪಿಸಿದರೆ ಸುಖ ಸಿಗುವುದೆಂದು ಹೇಳಿದರು. ಮಗ ಅದರ ಮುಂದೆ ಓಂಕಾರವನ್ನು ಸೇರಿಸಿಕೊಂಡರು. ಹೆತ್ತ ತಂದೆಯೇ ಗುರುವಾದದ್ದು ಅಪರೂಪ. ಅಂದಿನಿಂದ ಅವರು ತಂದೆಯನ್ನು ಗುರುದೇವರೆಂದೇ ಭಾವಿಸಿದರು. ಜಪದ ಜೊತೆಗೆ ಓದೂ ನಡೆಯುತ್ತಿತ್ತು. ಭಗವದ್ಗೀತೆ, ಬುದ್ಧನ ಜೀವನವನ್ನು ಹೇಳುವ ಆಂಗ್ಲ ಕಾವ್ಯ, ಕ್ರೈಸ್ತರ ಹೊಸ ಒಡಂಬಡಿಕೆ, ಗಾಂಧೀಜಿಯವರ ಬರಹಗಳು. ಎಲ್ಲ ಮತಗಳ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಕಲಿಯುವ ನಮ್ಮಂತಹ ಶಾಲೆಯಲ್ಲಿ ಈ ಪಟ್ಟಿಯನ್ನು ವಿಶೇಷವಾಗಿ ನೆನೆಯಬೇಕು.

1922ರ ಡಿಸೆಂಬರ್ 27ರ ಬೆಳಗಿನ ಜಾವ ವಿಠ್ಠಲರಾಯರು ಮನೆಯನ್ನು ಬಿಟ್ಟರು. ಆಗ ಅವರಿಗೆ 38 ವರ್ಷ. ಕೈಯಲ್ಲಿ 25 ರೂಪಾಯಿ, ಕೆಲವು ಬಟ್ಟೆ, ಕೆಲವು ಪುಸ್ತಕ. ಹೊರಡುವ ಮೊದಲು ಎರಡು ಕಾಗದ ಬರೆದಿಟ್ಟಿದ್ದರು. ಒಂದು ಹೆಂಡತಿಗೆ, ಇನ್ನೊಂದು ಸಾಲದ ವಿಷಯದಲ್ಲಿ ನೆರವಾಗುತ್ತಿದ್ದ ಸ್ನೇಹಿತರಿಗೆ.

ಸಂತರ ಚರಿತ್ರೆ ಬರೆಯುವವರು ಈ ಪ್ರಸಂಗವನ್ನು ವೈರಾಗ್ಯ ಎಂಬ ಒಂದು ಪದದಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅಷ್ಟು ಸುಲಭವಾಗಿ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಮನೆ ಬಿಟ್ಟು ದೂರ ಹೋಗುವುದೆಂದರೆ ಏನೆಂಬುದು ಬಹರೈನಿನಲ್ಲಿರುವ ನಮಗೆಲ್ಲ ಗೊತ್ತು. ಆದರೆ ನಾವು ಬಂದದ್ದು ಮನೆಯವರಿಗಾಗಿ, ತಿಂಗಳು ತಿಂಗಳು ಹಣ ಕಳಿಸುತ್ತೇವೆ, ವರ್ಷಕ್ಕೋ ಎರಡು ವರ್ಷಕ್ಕೋ ಊರಿಗೆ ಹೋಗುತ್ತೇವೆ. ಅವರು ಹೋದದ್ದು ಹಿಂದಿರುಗುವ ದಿನವನ್ನು ಹೇಳದೆ. ಒಂಬತ್ತು ವರ್ಷದ ಮಗಳು ಎದ್ದಾಗ ತಂದೆ ಮನೆಯಲ್ಲಿರಲಿಲ್ಲ. ಅವರಿಗೆ ಸಿಕ್ಕಿದ ಬೆಳಕು ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಅದರ ಬೆಲೆಯಲ್ಲಿ ಒಂದು ಪಾಲನ್ನು ಕೊಟ್ಟವರು ರುಕ್ಮಾಬಾಯಿ ಮತ್ತು ರಮಾಬಾಯಿ.

ರೈಲು ಹತ್ತಿ ಈರೋಡಿಗೆ, ಅಲ್ಲಿಂದ ಶ್ರೀರಂಗಕ್ಕೆ ಬಂದರು. ಅಲ್ಲಿ ಕಾವೇರಿಯಲ್ಲಿ ಮಿಂದು ಬಿಳಿಯ ಬಟ್ಟೆಯನ್ನು ನದಿಗೆ ಬಿಟ್ಟು ಕಾವಿ ಉಟ್ಟು ರಾಮದಾಸ ಎಂಬ ಹೆಸರನ್ನು ಇಟ್ಟುಕೊಂಡರು. ಆ ದಿನದಿಂದ ಅವರ ಮಾತಿನಲ್ಲಿ ನಾನು ಎಂಬುದು ಇಲ್ಲವಾಯಿತು. ತಮ್ಮ ಬಗ್ಗೆ ಹೇಳುವಾಗಲೂ ರಾಮದಾಸನು ಹೋದನು, ರಾಮದಾಸನಿಗೆ ಹಸಿವಾಯಿತು ಎಂಬ ರೀತಿ. ವ್ಯಾಕರಣದಲ್ಲಿ ಉತ್ತಮ ಪುರುಷವನ್ನು ಬಿಟ್ಟು ಪ್ರಥಮ ಪುರುಷವನ್ನು ಹಿಡಿದ ಹಾಗೆ. (ಮಕ್ಕಳು ಇದನ್ನು ಪರೀಕ್ಷೆಯಲ್ಲಿ ಅನುಸರಿಸಬಾರದು!) ಎದುರು ಸಿಕ್ಕಿದವರೆಲ್ಲ ಅವರಿಗೆ ರಾಮನೇ. ಅನ್ನ ಕೊಟ್ಟವನೂ ರಾಮ, ಟಿಕೆಟ್ ಇಲ್ಲವೆಂದು ರೈಲಿನಿಂದ ಇಳಿಸಿದವನೂ ರಾಮ. ಲೋಕವ್ಯವಹಾರ ತಿಳಿಯದ ಮಗುವಿನಂತಿದ್ದ ಅವರನ್ನು ದಾರಿಯಲ್ಲಿ ಯಾರಾದರೊಬ್ಬ ಸಾಧು ಕೈಹಿಡಿದು ನಡೆಸುತ್ತಿದ್ದನು.

ರಾಮೇಶ್ವರ, ಮಧುರೆ, ಚಿದಂಬರಗಳನ್ನು ನೋಡಿ 1923ರ ಆರಂಭದಲ್ಲಿ ತಿರುವಣ್ಣಾಮಲೆಗೆ ಬಂದರು. ಅರುಣಾಚಲ ಬೆಟ್ಟದ ಬುಡದಲ್ಲಿ ಒಂದು ಹುಲ್ಲಿನ ಗುಡಿಸಲಿನಲ್ಲಿ ಶ್ರೀ ರಮಣ ಮಹರ್ಷಿಗಳು ಇದ್ದರು. ರಾಮದಾಸರು ಇಂಗ್ಲಿಷಿನಲ್ಲಿ ಅವರ ಕೃಪೆಯನ್ನು ಬೇಡಿದರು. ಮಹರ್ಷಿಗಳು ಏನನ್ನೂ ಹೇಳಲಿಲ್ಲ. ಕೆಲವು ನಿಮಿಷ ಅವರ ಕಣ್ಣುಗಳನ್ನೇ ನೋಡಿ ತಲೆಯಾಡಿಸಿದರು. ಅಷ್ಟರಿಂದಲೇ ರಾಮದಾಸರ ಮೈ ಪುಳಕಗೊಂಡಿತು. ಅಲ್ಲಿಂದ ನೇರವಾಗಿ ಬೆಟ್ಟವನ್ನು ಹತ್ತಿ ಒಂದು ಗುಹೆಯನ್ನು ಸೇರಿದರು.

ಆ ಗುಹೆಯಲ್ಲಿ ಅವರಿಗೆ ಜಪ ಬಿಟ್ಟು ಬೇರೆ ಕೆಲಸವಿರಲಿಲ್ಲ. ಊಟ ಸ್ವಲ್ಪ ಅನ್ನ, ನಿದ್ರೆ ಅತಿ ಕಡಿಮೆ. ಹೀಗೆ ದಿನಗಳು ಕಳೆದ ಮೇಲೆ ಒಂದು ದಿನ ಬೆಳಿಗ್ಗೆ ಹೊರಗೆ ಬಂದಾಗ ಅವರಿಗೆ ಜಗತ್ತು ಬೇರೆಯಾಗಿ ಕಂಡಿತು. ಒಳಗೆ ಯಾವ ಬೆಳಕನ್ನು ಕಂಡಿದ್ದರೋ ಅದೇ ಹೊರಗೂ ತುಂಬಿತ್ತು. ಮರ, ಕಲ್ಲು, ಹುಲ್ಲು, ಹಕ್ಕಿ ಎಲ್ಲವೂ ರಾಮ. ಓಡಿಹೋಗಿ ಮರಗಳನ್ನು ಅಪ್ಪಿಕೊಂಡರು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬನನ್ನೂ ತಬ್ಬಿಕೊಂಡರು. ಅವನು ಇದು ಯಾವುದೋ ಹುಚ್ಚನೆಂದು ಹೆದರಿಬಿಟ್ಟ. ಆದರೆ ಸಾಧುವಿನ ಬಾಯಲ್ಲಿ ಹಲ್ಲಿಲ್ಲದ್ದರಿಂದ ಕಚ್ಚಲಾರನೆಂಬ ಧೈರ್ಯ ಅವನಿಗೆ ಇತ್ತಂತೆ! ಈ ಪ್ರಸಂಗವನ್ನು ಮುಂದೆ ರಾಮದಾಸರೇ ನಗುತ್ತಾ ಹೇಳುತ್ತಿದ್ದರು. ತಮ್ಮ ಅತ್ಯುನ್ನತ ಅನುಭವವನ್ನು ಹೇಳುವಾಗಲೂ ತಮ್ಮನ್ನೇ ನೋಡಿ ನಗಬಲ್ಲವರಾಗಿದ್ದರು ಎಂಬುದರಿಂದಲೇ ನನಗೆ ಅವರ ಮಾತಿನಲ್ಲಿ ನಂಬಿಕೆ ಹೆಚ್ಚು.

ಅನಂತರ ಪುರಿ, ಕಲ್ಕತ್ತ, ಕಾಶಿ, ಹಿಮಾಲಯದ ಕೇದಾರ ಬದರಿಗಳವರೆಗೆ ಸುತ್ತಿದರು. ಸುಮಾರು ಒಂದು ವರ್ಷದ ಈ ತಿರುಗಾಟ ಮುಗಿದದ್ದು ನಮ್ಮ ಹುಬ್ಬಳ್ಳಿಯಲ್ಲಿ, ಸಿದ್ಧಾರೂಢರ ಮಠದಲ್ಲಿ. ಆಗ ಸಿದ್ಧಾರೂಢ ಸ್ವಾಮಿಗಳು ಇನ್ನೂ ಇದ್ದರು. ಸುದ್ದಿ ತಿಳಿದು ರುಕ್ಮಾಬಾಯಿಯವರು ಮಗಳನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದರು. ರಾಮದಾಸರು ಅವರೊಡನೆ ಮಂಗಳೂರಿಗೇನೋ ಮರಳಿದರು. ಆದರೆ ನೆಲೆಸಿದ್ದು ಮನೆಯಲ್ಲಲ್ಲ, ಕದ್ರಿ ಗುಡ್ಡದ ಪಾಂಡವರ ಗುಹೆಯಲ್ಲಿ. ಅಲ್ಲಿ ಅವರ ಸಾಧನೆ ಇನ್ನೂ ಆಳಕ್ಕೆ ಇಳಿಯಿತು. ತಮ್ಮ ಪ್ರವಾಸದ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದದ್ದೂ ಅಲ್ಲಿಯೇ. ಇನ್ ಕ್ವೆಸ್ಟ್ ಆಫ್ ಗಾಡ್ ಎಂಬ ಆ ಪುಸ್ತಕ 1925ರಲ್ಲಿ ಪ್ರಕಟವಾಯಿತು. ಮೆಟ್ರಿಕ್ ದಾಟದವರು ಬರೆದ ಆ ಪುಸ್ತಕವನ್ನು ದೊಡ್ಡ ತರಗತಿಯ ಮಕ್ಕಳು ಯಾವ ಕಷ್ಟವೂ ಇಲ್ಲದೆ ಓದಬಹುದು, ಭಾಷೆ ಅಷ್ಟು ಸರಳ.

1928ರಲ್ಲಿ ಕಾಸರಗೋಡಿನ ಪಿಲಿಕುಂಜಿಯಲ್ಲಿ ಒಂದು ಚಿಕ್ಕ ಆಶ್ರಮವಾಯಿತು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ದುಃಖದಲ್ಲಿದ್ದ, ಇಬ್ಬರು ಗಂಡುಮಕ್ಕಳ ತಾಯಿ ಕೃಷ್ಣಾಬಾಯಿ ರಾಮದಾಸರ ಬಳಿಗೆ ಬಂದದ್ದು ಅಲ್ಲಿಗೆ. ಅವರು ಅದೇ ನಾಮಜಪದಿಂದ ಅದೇ ಎತ್ತರವನ್ನು ಮುಟ್ಟಿದರು. ಆಶ್ರಮಕ್ಕೆ ಬಂದವರೆಲ್ಲ ಇವರನ್ನು ಪಪ್ಪಾ, ಮಾತಾಜಿ ಎಂದೇ ಕರೆಯುತ್ತಿದ್ದರು. ಕೆಲವು ಅಹಿತಕರ ಘಟನೆಗಳ ನಂತರ ಕಾಸರಗೋಡನ್ನು ಬಿಟ್ಟು 1931ರ ಮೇ 15ರಂದು ಕಾಞಂಗಾಡಿನಲ್ಲಿ ಹೊಸ ಆನಂದಾಶ್ರಮವನ್ನು ಆರಂಭಿಸಿದರು. ಬಹರೈನಿನಲ್ಲಿ ಎಣ್ಣೆ ಸಿಕ್ಕಿದ್ದು ಅದರ ಮರು ವರ್ಷ, 1932ರಲ್ಲಿ. ನಮ್ಮ ಕರಾವಳಿಯವರು ಇತ್ತ ಹಡಗು ಹತ್ತುವ ಕಾಲ ಇನ್ನೂ ಮುಂದಿತ್ತು.

ಊರು ಬಿಟ್ಟು ಹೋದವರು ಹುಟ್ಟೂರಿನ ಪಕ್ಕಕ್ಕೇ ಬಂದು ನಿಂತರು. ಆಶ್ರಮದಲ್ಲಿ ಜಾತಿ ಮತ ಕೇಳುವವರಿರಲಿಲ್ಲ, ರಾಮ ಎಂಬುದು ಎಲ್ಲರೊಳಗಿರುವ ಒಬ್ಬನೇ ದೇವರಿಗೆ ತಾವು ಇಟ್ಟುಕೊಂಡ ಹೆಸರು ಎಂದು ರಾಮದಾಸರು ತಿಳಿದಿದ್ದರು. 1954ರಲ್ಲಿ ಮಾತಾಜಿಯವರೊಡನೆ ಯೂರೋಪು, ಅಮೆರಿಕ, ಜಪಾನುಗಳಿಗೆ ಹೋಗಿ ಇದನ್ನೇ ಹೇಳಿ ಬಂದರು. 1963ರ ಜುಲೈ 25ರಂದು ಅವರು ದೇಹವನ್ನು ಬಿಟ್ಟರು. ಮಾತಾಜಿಯವರು 1989ರವರೆಗೆ ಆಶ್ರಮವನ್ನು ನಡೆಸಿದರು. ಲೋಕದ ಶಾಂತಿಗಾಗಿ 15,500 ಕೋಟಿ ರಾಮನಾಮ ಜಪವಾಗಬೇಕೆಂದು ಸಂಕಲ್ಪ ಮಾಡಿದವರೂ ಅವರೇ. ಕಾಞಂಗಾಡಿನ ಭಜನಾಲಯದಲ್ಲಿ ಬೆಳಗಿನಿಂದ ರಾತ್ರಿಯವರೆಗೆ, ಬಾಲಕೃಷ್ಣರಾಯರು ಮಗನಿಗೆ ಕೊಟ್ಟ ಆ ಮಂತ್ರವನ್ನು ಇಂದಿಗೂ ಹಾಡುತ್ತಾರೆ.