ಅಂಟುವ ಮಣ್ಣು ಮತ್ತು ಜಾನ್ ಡೀರ್

ಹಸಿರು ಟ್ರ್ಯಾಕ್ಟರಿನ ಮೇಲೆ ನೆಗೆಯುವ ಜಿಂಕೆಯ ಚಿತ್ರವನ್ನು ನೀವೆಲ್ಲರೂ ನೋಡಿರುತ್ತೀರಿ. ಜಾನ್ ಡೀರ್ ಎಂದರೆ ಆ ಜಿಂಕೆಯ ಹೆಸರು ಎಂದೇ ನಾನು ಬಹಳ ದಿನ ನಂಬಿದ್ದೆ. ಅದು ಒಬ್ಬ ಕಮ್ಮಾರರ ಹೆಸರು. ತಮಾಷೆಯೆಂದರೆ ಅವರು ಟ್ರ್ಯಾಕ್ಟರನ್ನು ಕಣ್ಣಿನಿಂದಲೂ ನೋಡಿದವರಲ್ಲ. ಅವರು ತೀರಿಕೊಂಡದ್ದು 1886ರಲ್ಲಿ. ಅವರ ಕಂಪನಿ ಟ್ರ್ಯಾಕ್ಟರ್ ವ್ಯಾಪಾರಕ್ಕೆ ಇಳಿದದ್ದು 1918ರಲ್ಲಿ. ಅವರು ಮಾಡಿದ್ದು ನೇಗಿಲು, ಅದೂ ಒಂದು ವಿಶೇಷವಾದ ಮಣ್ಣಿಗಾಗಿ. ಆ ಮಣ್ಣಿನ ಗುಣ ತಿಳಿಯದೆ ಅವರ ಕಥೆ ಅರ್ಥವಾಗುವುದಿಲ್ಲ.

ಜಾನ್ ಡೀರ್ ಹುಟ್ಟಿದ್ದು 1804ರ ಫೆಬ್ರವರಿ 7ರಂದು, ಅಮೆರಿಕದ ವರ್ಮಾಂಟ್ ರಾಜ್ಯದ ರಟ್ಲೆಂಡ್ ಊರಿನಲ್ಲಿ. ತಂದೆ ದರ್ಜಿ. ಜಾನ್ ಚಿಕ್ಕವರಿದ್ದಾಗಲೇ ತಂದೆ ಸಮುದ್ರ ಪ್ರಯಾಣಕ್ಕೆ ಹೊರಟು ಮತ್ತೆ ಮನೆಗೆ ಬರಲಿಲ್ಲ. ತಾಯಿಯೇ ಕಷ್ಟಪಟ್ಟು ಮಕ್ಕಳನ್ನು ಸಾಕಿದರು. ಹದಿನೇಳನೇ ವಯಸ್ಸಿನಲ್ಲಿ, ಅಂದರೆ ಈಗ ನಮ್ಮ ವಯಸ್ಸಿನಲ್ಲಿ, ಅವರು ಮಿಡಲ್‌ಬರಿ ಊರಿನ ಒಬ್ಬ ಕಮ್ಮಾರರ ಬಳಿ ಕೆಲಸ ಕಲಿಯಲು ಸೇರಿದರು. ಮುಂದೆ ಸ್ವಂತ ಕುಲುಮೆ ಇಟ್ಟಾಗ ಅವರ ಸಲಿಕೆಗಳಿಗೆ ಒಳ್ಳೆಯ ಹೆಸರು ಬಂತು. ಕಾರಣ, ಅವರು ಕಬ್ಬಿಣದ ಮೈಯನ್ನು ತಿಕ್ಕಿ ತಿಕ್ಕಿ ಕನ್ನಡಿಯಂತೆ ನುಣುಪು ಮಾಡುತ್ತಿದ್ದರು. ಈ ಅಭ್ಯಾಸವನ್ನು ನೆನಪಿಟ್ಟುಕೊಳ್ಳಿ.

ಹೆಸರು ಬಂದರೂ ಹಣ ನಿಲ್ಲಲಿಲ್ಲ. ಕುಲುಮೆಗೆ ಎರಡು ಸಲ ಬೆಂಕಿ ಬಿತ್ತು, ಸಾಲ ಏರಿತು. ಆಗ ಅಲ್ಲಿ ಸಾಲ ತೀರಿಸದವರನ್ನು ಜೈಲಿಗೂ ಹಾಕಬಹುದಿತ್ತು. 1836ರಲ್ಲಿ ಅವರು ಗರ್ಭಿಣಿ ಹೆಂಡತಿಯನ್ನೂ ಮಕ್ಕಳನ್ನೂ ಊರಿನಲ್ಲೇ ಬಿಟ್ಟು ಪಶ್ಚಿಮಕ್ಕೆ ಹೊರಟರು. ತಲುಪಿದ್ದು ಇಲಿನಾಯ್ ರಾಜ್ಯದ ಗ್ರ್ಯಾಂಡ್ ಡಿಟೂರ್. ರಾಕ್ ನದಿ ದೊಡ್ಡ ತಿರುವು ತೆಗೆದುಕೊಳ್ಳುವ ಜಾಗದ ಪುಟ್ಟ ಊರು. ಅಲ್ಲಿ ಕಮ್ಮಾರರೇ ಇರಲಿಲ್ಲವಾದ್ದರಿಂದ ಮೊದಲ ದಿನಗಳಿಂದಲೇ ಕೈತುಂಬ ಕೆಲಸ ಸಿಕ್ಕಿತು. ಎಲ್ಲ ರೈತರದೂ ಒಂದೇ ದೂರು: ನೇಗಿಲಿಗೆ ಮಣ್ಣು ಅಂಟುತ್ತದೆ.

ಇಲ್ಲಿ ಸ್ವಲ್ಪ ಮಣ್ಣಿನ ಕಡೆ ಹೋಗೋಣ. ವರ್ಮಾಂಟ್ ಮತ್ತು ಇಲಿನಾಯ್ ಎರಡರ ನೆಲವನ್ನೂ ಸಾವಿರಾರು ವರ್ಷಗಳ ಹಿಂದೆ ಹಿಮನದಿಗಳು ಮುಚ್ಚಿದ್ದವು. ಆ ಮಂಜುಗಡ್ಡೆ ಬಂಡೆಗಳನ್ನು ಉಜ್ಜಿ, ಪುಡಿ ಮಾಡಿ, ಎಳೆದು ತಂದು, ಕರಗಿದಾಗ ಅಲ್ಲಲ್ಲೇ ಬಿಟ್ಟುಹೋಯಿತು. ವರ್ಮಾಂಟಿನಲ್ಲಿ ಉಳಿದದ್ದು ಹೆಚ್ಚಾಗಿ ಕಲ್ಲು, ಮರಳು. ಅದರ ಮೇಲೆ ಕಾಡು ಬೆಳೆಯಿತು. ಕಾಡಿನ ಎಲೆ ನೆಲದ ಮೇಲೆಯೇ ಬಿದ್ದು ಅಲ್ಲೇ ಕೊಳೆಯುತ್ತದೆ, ಆದ್ದರಿಂದ ಕಪ್ಪು ಪದರ ತೆಳು. ಇಲಿನಾಯ್‌ನಲ್ಲಿ ಹಿಮನದಿ ಬಿಟ್ಟ ಜೇಡಿ, ಮರಳು, ಕಲ್ಲುಗಳ ಮಿಶ್ರಣದ ಮೇಲೆ ಗಾಳಿ ಇನ್ನೊಂದು ಪದರ ಹಾಸಿತು. ಅದು ಮರಳಿಗಿಂತ ಸಣ್ಣ, ಜೇಡಿಗಿಂತ ದಪ್ಪ ಕಣಗಳ ಧೂಳು. ಬೆರಳಲ್ಲಿ ಉಜ್ಜಿದರೆ ಹಿಟ್ಟಿನಂತೆ ಇರುತ್ತದೆ. ಅದರ ಮೇಲೆ ಬೆಳೆದದ್ದು ಆಳೆತ್ತರದ ಹುಲ್ಲು, ಪ್ರೇರಿ. ಹುಲ್ಲಿನ ಬೇರು ಆರೇಳು ಅಡಿ ಆಳಕ್ಕೆ ಇಳಿಯುತ್ತದೆ, ಪ್ರತಿ ವರ್ಷ ಅದರಲ್ಲಿ ಒಂದಿಷ್ಟು ನೆಲದ ಒಳಗೇ ಸತ್ತು ಕೊಳೆಯುತ್ತದೆ. ಹೀಗೆ ಸಾವಿರಾರು ವರ್ಷ ನಡೆದು ಒಂದು ಅಡಿಗೂ ಮೀರಿ ಕಪ್ಪು ಮಣ್ಣು ಕೂಡಿತು. ಮುಷ್ಟಿಯಲ್ಲಿ ಹಿಡಿದರೆ ಕಾಳು ಕಾಳಾಗಿ ಉದುರುವ, ನೀರನ್ನೂ ಗೊಬ್ಬರದ ಅಂಶವನ್ನೂ ಹಿಡಿದಿಡುವ ಮಣ್ಣು.

ಇದರಲ್ಲೂ ಎಲ್ಲ ಜಾಗ ಒಂದೇ ಅಲ್ಲ. ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಅಲ್ಲಿ ಕಪ್ಪು ಪದರದ ಕೆಳಗೆ ಅಗೆದರೆ ಬೂದು ಬಣ್ಣ ಸಿಗುತ್ತದೆ. ಏರಿನಲ್ಲಿ, ನದಿ ಪಕ್ಕದ ಎತ್ತರದ ನೆಲದಲ್ಲಿ, ಹೆಚ್ಚಾದ ನೀರು ಬಸಿದು ಹೋಗುತ್ತದೆ, ಗಾಳಿ ಒಳಗೆ ಬರುತ್ತದೆ, ಮಣ್ಣಿನ ಕಬ್ಬಿಣದ ಅಂಶ ತುಕ್ಕು ಹಿಡಿದು ಕಂದು ಅಥವಾ ಹಳದಿಗಂದು ಬಣ್ಣ ಕೊಡುತ್ತದೆ. ಗುಂಡಿಯ ಬಣ್ಣ ನೋಡಿಯೇ ನೀರು ಬಸಿಯುತ್ತದೋ ಇಲ್ಲವೋ ಹೇಳಬಹುದು. ಗ್ರ್ಯಾಂಡ್ ಡಿಟೂರ್ ಇರುವ ಓಗಲ್ ಕೌಂಟಿಯ ಹೆಸರಿನಲ್ಲೇ ಇಂಥ ಚೆನ್ನಾಗಿ ನೀರು ಬಸಿಯುವ ಒಂದು ಪ್ರೇರಿ ಮಣ್ಣಿದೆ. ಮೊದಲ ರೈತರು ಉಳುಮೆಗೆ ಆರಿಸಿದ್ದು ಇಂಥ ಏರು ನೆಲವನ್ನೇ. ಜೌಗು ತಗ್ಗುಗಳು ನೆಲದಡಿ ಸುಟ್ಟ ಮಣ್ಣಿನ ಕೊಳವೆ ಹಾಕುವ ಕಾಲದವರೆಗೆ ಕಾಯಬೇಕಾಯಿತು.

ಇಷ್ಟು ಒಳ್ಳೆಯ ಮಣ್ಣು, ಆದರೆ ಉಳುವುದೇ ಕಷ್ಟ. ವರ್ಮಾಂಟ್ ಕಡೆಯಿಂದ ತಂದ ಎರಕದ ಕಬ್ಬಿಣದ ನೇಗಿಲನ್ನು ಅಲ್ಲಿಯ ಮರಳು, ಕಲ್ಲುಗಳೇ ಉಜ್ಜಿ ಶುಚಿಯಾಗಿಡುತ್ತಿದ್ದವು. ಪ್ರೇರಿ ಮಣ್ಣಿನಲ್ಲಿ ಹಾಗೆ ಉಜ್ಜುವಂಥದ್ದು ಏನೂ ಇಲ್ಲ. ಒದ್ದೆಯಾದ ನುಣ್ಣನೆಯ ಕಣಗಳು ಎರಕದ ಒರಟು ಮೈಗೆ ಕಚ್ಚಿಕೊಂಡು ಕೂರುತ್ತಿದ್ದವು. ನಾಲ್ಕು ಹೆಜ್ಜೆ ಉತ್ತು, ನಿಂತು, ಮರದ ಪಟ್ಟಿಯಿಂದ ಕೆರೆದು, ಮತ್ತೆ ನಾಲ್ಕು ಹೆಜ್ಜೆ. ಬೇಸತ್ತು ಜಮೀನು ಬಿಟ್ಟು ಹೋಗಲು ಯೋಚಿಸಿದವರೂ ಇದ್ದರು.

ಡೀರ್ ಅವರಿಗೆ ಹೊಳೆದದ್ದು ಇಲ್ಲಿ. ನುಣುಪಾದ ಸಲಿಕೆಗೆ ಮಣ್ಣು ಅಂಟುವುದಿಲ್ಲ ಎಂಬುದು ಅವರಿಗೆ ಹಳೆಯ ವಿಷಯ. 1837ರಲ್ಲಿ ಊರಿನ ಮರ ಕೊಯ್ಯುವ ಗಿರಣಿಯ ಮುರಿದ ಉಕ್ಕಿನ ಗರಗಸ ಅವರ ಕೈಗೆ ಬಂತು. ಅದರಿಂದ ಗುಳ ಮಾಡಿ, ಮಣ್ಣು ಮಗುಚುವ ಹಲಗೆಯನ್ನು ಸರಿಯಾದ ಬಾಗಿನಲ್ಲಿ ತಟ್ಟಿ, ಮೈ ತಿಕ್ಕಿ ಹೊಳಪು ಕೊಟ್ಟರು. ನೇಗಿಲು ಸಾಗಿದಂತೆ ಮಣ್ಣು ತಾನಾಗಿಯೇ ಜಾರಿ ಬಿತ್ತು. ಆಶ್ಚರ್ಯವೆಂದರೆ ಅದೇ 1837ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಲೂಯಿ ಅಗಾಸಿ ಎಂಬ ವಿಜ್ಞಾನಿ ಹಿಮಯುಗದ ವಾದವನ್ನು ಸಭೆಯ ಮುಂದಿಟ್ಟರು. ತಾವು ಗೆದ್ದ ಮಣ್ಣು ಎಲ್ಲಿಂದ ಬಂತು ಎಂಬುದು ಡೀರ್ ಅವರಿಗೆ ಆಗ ಗೊತ್ತಿರಲು ಸಾಧ್ಯವೇ ಇರಲಿಲ್ಲ.

ಉಕ್ಕಿನ ನೇಗಿಲನ್ನು ಮೊದಲು ಮಾಡಿದವರು ಡೀರ್ ಎಂದು ಬರೆಯುವುದು ಮಾತ್ರ ಸರಿಯಲ್ಲ. ಅದೇ ಇಲಿನಾಯ್‌ನಲ್ಲಿ 1833ರಲ್ಲೇ ಜಾನ್ ಲೇನ್ ಎಂಬ ಕಮ್ಮಾರರು ಗರಗಸದ ಉಕ್ಕಿನಿಂದ ನೇಗಿಲು ಮಾಡಿದ್ದರು. ಡೀರ್ ಅವರ ಹೆಸರು ಉಳಿದದ್ದು ವ್ಯಾಪಾರದಿಂದ ಎಂದು ವಾಣಿಜ್ಯ ವಿದ್ಯಾರ್ಥಿಯಾಗಿ ನನಗನ್ನಿಸುತ್ತದೆ. ಆಗ ಕಮ್ಮಾರರು ಗಿರಾಕಿ ಕೇಳಿದ ಮೇಲೆ ಮಾಡಿಕೊಡುತ್ತಿದ್ದರು. ಇವರು ಮೊದಲೇ ಮಾಡಿಟ್ಟು, ಹಳ್ಳಿಗೆ ಒಯ್ದು ಮಾರಿದರು. 1839ರಲ್ಲಿ 10 ನೇಗಿಲು, 1840ರಲ್ಲಿ 40, 1842ರಲ್ಲಿ 100. ಮುರಿದ ಗರಗಸ ಎಷ್ಟು ಸಿಗುತ್ತದೆ? ಇಂಗ್ಲೆಂಡಿನಿಂದ ಉಕ್ಕು ತರಿಸಿದರು. 1848ರಲ್ಲಿ ಮಿಸಿಸಿಪ್ಪಿ ದಂಡೆಯ ಮೊಲಿನ್ ಊರಿಗೆ ಕಾರ್ಖಾನೆ ಸಾಗಿಸಿದರು. ಯಂತ್ರಕ್ಕೆ ನದಿಯ ನೀರಿನ ಶಕ್ತಿ, ಸಾಗಾಟಕ್ಕೆ ದೋಣಿ. ಮರುವರ್ಷವೇ ಎರಡು ಸಾವಿರ ದಾಟಿತು. 1857ರ ಆರ್ಥಿಕ ಬಿಕ್ಕಟ್ಟಿನಲ್ಲಿ ಕಂಪನಿ ಅಲುಗಾಡಿತು. ಆಮೇಲೆ ಆಡಳಿತ ಹೊತ್ತವರು ಮಗ ಚಾರ್ಲ್ಸ್. ತಂದೆ ಊರು ಬಿಟ್ಟ ಮೇಲೆ ಹುಟ್ಟಿದ ಮಗು ಅವರೇ.

ಎಲ್ಲದರಲ್ಲೂ ಗೆಲುವೇ ಆಗಲಿಲ್ಲ. ಮೊಲಿನ್‌ನ ಇನ್ನೊಂದು ಕಂಪನಿ ತನ್ನ ನೇಗಿಲಿಗೂ ಊರಿನ ಹೆಸರನ್ನೇ ಇಟ್ಟಾಗ ಡೀರ್ ಕಂಪನಿ ಕೋರ್ಟಿಗೆ ಹೋಯಿತು. 1870ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಊರಿನ ಹೆಸರು ಒಬ್ಬರ ಸ್ವತ್ತಾಗುವುದಿಲ್ಲ. ಜಿಂಕೆಯ ಗುರುತನ್ನು ನೋಂದಾಯಿಸಿದ್ದು 1876ರಲ್ಲಿ. ನಮ್ಮ ವ್ಯವಹಾರ ಅಧ್ಯಯನದಲ್ಲಿ ಬರುವ ಟ್ರೇಡ್‌ಮಾರ್ಕ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನೊಂದು ವಿಷಯ ಹೇಳದೆ ಬಿಡಲು ಮನಸ್ಸು ಬರುವುದಿಲ್ಲ. ರಾಕ್ ನದಿ ಮಿಸಿಸಿಪ್ಪಿ ಸೇರುವಲ್ಲಿ, ಮೊಲಿನ್ ಹತ್ತಿರವೇ, ಸಾಕ್ ಎಂಬ ಮೂಲನಿವಾಸಿ ಜನರ ದೊಡ್ಡ ಊರಿತ್ತು. ಅವರ ಹೆಂಗಸರು ಅಲ್ಲಿ ಗುದ್ದಲಿಯಿಂದಲೇ ಜೋಳ, ಹುರುಳಿ ಜಾತಿಯ ಕಾಳು, ಕುಂಬಳ ಬೆಳೆಯುತ್ತಿದ್ದರು. ಅವರನ್ನು ನೆಲದಿಂದ ಓಡಿಸಿದರು. ಬ್ಲ್ಯಾಕ್ ಹಾಕ್ ಎಂಬ ನಾಯಕರ ಜೊತೆ 1832ರಲ್ಲಿ ಹಿಂತಿರುಗಿ ಬಂದಾಗ ಯುದ್ಧವಾಗಿ ಬಹಳ ಜನ ಸತ್ತರು. ಡೀರ್ ಬಂದದ್ದು ಅದಾಗಿ ನಾಲ್ಕೇ ವರ್ಷಕ್ಕೆ. ಅವರು ಯಾರನ್ನೂ ಓಡಿಸಲಿಲ್ಲ, ನಿಜ. ಆದರೆ ಅವರ ಗಿರಾಕಿಗಳು ಉತ್ತ ನೆಲ ಅದು.

ಡೀರ್ ಮೊಲಿನ್‌ನ ಮೇಯರ್ ಆಗಿಯೂ ಕೆಲಸ ಮಾಡಿ 1886ರ ಮೇ 17ರಂದು ಅಲ್ಲೇ ತೀರಿಕೊಂಡರು. ಅಷ್ಟರಲ್ಲಿ ಪ್ರೇರಿಯ ಬಹುಪಾಲು ಹೊಲವಾಗಿತ್ತು. ಇಲಿನಾಯ್‌ನಲ್ಲಿ ಸುಮಾರು 2 ಕೋಟಿ 20 ಲಕ್ಷ ಎಕರೆ ಹುಲ್ಲುಗಾವಲು ಇದ್ದದ್ದು, ಮೊದಲಿನ ಸ್ಥಿತಿಯಲ್ಲೇ ಇಂದು ಉಳಿದದ್ದು ಸುಮಾರು ಎರಡೂವರೆ ಸಾವಿರ ಎಕರೆ. ಮಣ್ಣನ್ನು ಮಾಡುತ್ತಿದ್ದ ಬೇರು ಹೋದ ಮೇಲೆ ಏರು ಹೊಲಗಳಲ್ಲಿ ಮಳೆ ಕಪ್ಪು ಪದರವನ್ನು ಕೊಚ್ಚಿಕೊಂಡು ಹೋಯಿತು. ದಿಣ್ಣೆಯ ನೆತ್ತಿಯಲ್ಲಿ ಈಗ ಕೆಳಗಿನ ಕಂದು ಮಣ್ಣೇ ಮೇಲೆ ಕಾಣುವ ಹೊಲಗಳಿವೆ. ಹಳೆಯ ಹುಲ್ಲು ಉಳಿದದ್ದು ರೈಲು ಹಳಿಯ ಪಕ್ಕದಲ್ಲಿ, ಮತ್ತೆ ಮೊದಲ ವಲಸಿಗರ ಕೆಲವು ಕಬ್ರಸ್ತಾನಗಳಲ್ಲಿ. ಅಲ್ಲಿ ಮಾತ್ರ ಯಾರೂ ನೇಗಿಲು ಹೂಡಲಿಲ್ಲ.