ಭೂಮಿಯ ಒಡಲಿನ ಲೆಕ್ಕ ಹಾಕಿದ ಚಂದ್ರಶೇಖರ್

ಮಕ್ಕಳೇ, ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಕಡೆ ಅಡಿಕೆ ಬೇಯಿಸುವ ಹಂಡೆಯನ್ನು ನೋಡಿದ್ದೀರಲ್ಲವೇ? ಉರಿಯಿಂದ ಕಾದ ತಳದ ನೀರು ಹಗುರವಾಗಿ ಮೇಲೇರುತ್ತದೆ. ಮೇಲಿನ ತಣ್ಣನೆಯ ನೀರು ಕೆಳಗಿಳಿಯುತ್ತದೆ. ಇದೇ ಉಷ್ಣ ಸಂವಹನ.

ಜಗಳೂರಿನ ಶಾಲೆಯಲ್ಲಿ ದಿಕ್ಸೂಚಿ ಇಟ್ಟರೂ ಅದರ ಮುಳ್ಳು ಉತ್ತರಕ್ಕೇ ತಿರುಗುತ್ತದೆ. ಹಂಡೆಗೂ ಈ ಮುಳ್ಳಿಗೂ ಏನು ಸಂಬಂಧ? ನಮ್ಮ ಕಾಲ ಕೆಳಗೆ ಸುಮಾರು 2,900 ಕಿ.ಮೀ. ಆಳದಲ್ಲಿ ಕರಗಿದ ಕಬ್ಬಿಣದ ಹೊರ ಕೇಂದ್ರಗೋಳವಿದೆ. ಅಲ್ಲಿಯೂ ದ್ರವ ಏರಿಳಿಯುತ್ತದೆ. ಆ ಚಲನೆಯಿಂದಲೇ ಭೂಮಿಗೆ ಕಾಂತಶಕ್ತಿ ಬಂದಿದೆ. ಆದರೆ ಮನುಷ್ಯ ಕೊರೆದ ಅತಿ ಆಳದ ರಂಧ್ರ ಸುಮಾರು 12 ಕಿ.ಮೀ. ಮಾತ್ರ! ಹಾಗಾದರೆ ಒಳಗಿನದನ್ನು ತಿಳಿಯುವುದು ಹೇಗೆ? ಲೆಕ್ಕದಿಂದ ಮತ್ತು ಪ್ರಯೋಗದಿಂದ.

ಇಂಥ ಲೆಕ್ಕ ಹಾಕಿದವರಲ್ಲಿ ಪ್ರಮುಖರು ಸುಬ್ರಹ್ಮಣ್ಯನ್ ಚಂದ್ರಶೇಖರ್. ಇವರು 1910ರ ಅಕ್ಟೋಬರ್ 19ರಂದು ಲಾಹೋರಿನಲ್ಲಿ ಜನಿಸಿದರು. ಬೆಂಗಳೂರಿನಲ್ಲಿ ಸಂಶೋಧನಾ ಸಂಸ್ಥೆ ಕಟ್ಟಿದ ಸರ್ ಸಿ.ವಿ. ರಾಮನ್ ಇವರ ಚಿಕ್ಕಪ್ಪ. ಮದ್ರಾಸಿನಲ್ಲಿ ಓದಿ 1930ರಲ್ಲಿ ಇಂಗ್ಲೆಂಡಿಗೆ ಹೊರಟರು. ಹಡಗಿನಲ್ಲಿಯೇ ನಕ್ಷತ್ರಗಳ ಕೊನೆಗಾಲದ ಬಗ್ಗೆ ಲೆಕ್ಕ ಹಾಕಿದರು. 1935ರಲ್ಲಿ ಲಂಡನ್ನಿನ ಸಭೆಯಲ್ಲಿ ತಮ್ಮ ವಿಚಾರ ಮಂಡಿಸಿದಾಗ, ಹೆಸರಾಂತ ವಿಜ್ಞಾನಿ ಎಡಿಂಗ್ಟನ್ ಎಲ್ಲರೆದುರು ಅದನ್ನು ಅಲ್ಲಗಳೆದರು. ಆಗ ಚಂದ್ರಶೇಖರ್ ಅವರಿಗೆ ಕೇವಲ 24 ವರ್ಷ. ಆದರೂ ಅವರು ಎದೆಗುಂದಲಿಲ್ಲ. 1937ರಲ್ಲಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯ ಸೇರಿದರು. ಒಂದು ವಿಷಯವನ್ನು ವರ್ಷಗಟ್ಟಲೆ ಅಭ್ಯಸಿಸಿ, ಗ್ರಂಥ ಬರೆದು, ಹೊಸ ವಿಷಯಕ್ಕೆ ಹೋಗುವುದು ಅವರ ರೂಢಿಯಾಯಿತು.

1950ರ ದಶಕದಲ್ಲಿ ಅವರು ದ್ರವಗಳ ಕಡೆ ತಿರುಗಿದರು. ಭೂಮಿ ಹಂಡೆಯಂತೆ ಸುಮ್ಮನೆ ಕುಳಿತಿಲ್ಲ, ಬುಗುರಿಯಂತೆ ತಿರುಗುತ್ತದೆ. ತಿರುಗುವ ದ್ರವ ಕಾದಾಗ ಏನಾಗುತ್ತದೆ? ತಿರುಗುವಿಕೆಯು ಏರಿಳಿತವನ್ನು ತಡೆಯುತ್ತದೆ, ಹೆಚ್ಚು ಕಾಯಿಸಿದರೆ ಮಾತ್ರ ಅದು ಶುರುವಾಗುತ್ತದೆ ಎಂದಿತು ಅವರ ಲೆಕ್ಕ. ದ್ರವಲೋಹವನ್ನು ಕಾಂತಶಕ್ತಿಯೂ ಹೀಗೆಯೇ ತಡೆಯಬೇಕಿತ್ತು.

ಈ ಲೆಕ್ಕವೂ ತಪ್ಪೆಂದು ಯಾರಾದರೂ ಹೇಳಿದರೆ? ಉತ್ತರ ಕೊಡಬೇಕಾದದ್ದು ಪ್ರಯೋಗ. ಷಿಕಾಗೊದಲ್ಲಿ ಫುಲ್ಟ್ಸ್ ಮತ್ತು ನಾಕಾಗಾವಾ ಎಂಬ ವಿಜ್ಞಾನಿಗಳು ಪಾದರಸದ ಪದರವನ್ನು ತಿರುಗಿಸುತ್ತಾ ತಳದಿಂದ ಕಾಯಿಸಿದರು. ನಾಕಾಗಾವಾ ದೊಡ್ಡ ಕಾಂತದ ನಡುವೆಯೂ ಪರೀಕ್ಷಿಸಿದರು. ಪಾದರಸವೇ ಏಕೆ? ಅದು ಕೋಣೆಯ ಉಷ್ಣತೆಯಲ್ಲೇ ದ್ರವವಾಗಿರುವ ಲೋಹ. (ಅದು ವಿಷ, ನೀವು ಮುಟ್ಟಬೇಡಿ.) ಫಲಿತಾಂಶ ಲೆಕ್ಕಕ್ಕೆ ಹೊಂದಿಕೆಯಾಯಿತು!

1961ರಲ್ಲಿ ಈ ವಿಷಯದ ಅವರ ದೊಡ್ಡ ಗ್ರಂಥ ಹೊರಬಂತು. ಅಂದು ಅಲ್ಲಗಳೆದಿದ್ದ ನಕ್ಷತ್ರಗಳ ವಿಚಾರವೂ ಸರಿಯೆಂದು ಸಾಬೀತಾಗಿ, ನಕ್ಷತ್ರಗಳ ಅಧ್ಯಯನಕ್ಕಾಗಿ 1983ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. 1995ರ ಆಗಸ್ಟ್ 21ರಂದು ಅವರು ತೀರಿಕೊಂಡರು.

ಮಕ್ಕಳೇ, ನಿಮ್ಮ ಲೆಕ್ಕವನ್ನು ಯಾರಾದರೂ ತಪ್ಪೆಂದರೆ ಬೇಸರಪಡಬೇಡಿ. ಮತ್ತೊಮ್ಮೆ ಪರೀಕ್ಷಿಸಿ. ಮುಂದಿನ ಸಲ ಹಂಡೆ ಕುದಿಯುವಾಗ ದೂರದಿಂದ ನೋಡಿ, ನಿಮ್ಮ ಕಾಲ ಕೆಳಗಿನ ಆ ದೊಡ್ಡ ಹಂಡೆಯನ್ನೂ ನೆನೆಯಿರಿ!